ವಿಕಲಚೇತನರ ಹಕ್ಕುಗಳಿಗಾಗಿ ಓಡಾಡಿದವರಿಗೆ ನುಡಿನಮನ: ಎಲ್ಲರೂ ಒಳಗೆ ಬರುವ ಹಾಗೆ ಸಭೆ ನಡೆಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಒಂದು ಶ್ರದ್ಧಾಂಜಲಿ ಸಭೆಗೆ ಹೋಗಿದ್ದೆ. ತೀರಿಕೊಂಡವರು ವಿಕಲಚೇತನರ ಪಿಂಚಣಿಗಾಗಿ, ಬಸ್ ಪಾಸಿಗಾಗಿ ಅರ್ಧ ಆಯುಷ್ಯ ಸವೆಸಿದವರು. ಸಭೆ ಇದ್ದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಬಾಗಿಲಿಗೆ ಏಳು ಮೆಟ್ಟಿಲು. ಅವರ ಜೊತೆ ತಾಲ್ಲೂಕು ಕಚೇರಿ ಮುಂದೆ ಬಿಸಿಲಲ್ಲಿ ಧರಣಿ ಕೂತವರು ತಮ್ಮ ತ್ರಿಚಕ್ರ ಸೈಕಲ್ಲುಗಳಲ್ಲಿ ಗೇಟಿನ ಹತ್ತಿರವೇ ಉಳಿದರು. ಒಳಗೆ ಭಾಷಣ ನಡೆಯುತ್ತಿತ್ತು, ಹೊರಗೆ ಸ್ಪೀಕರಿನಲ್ಲಿ ಕೇಳುತ್ತಿತ್ತು. ಒಬ್ಬ ಅಮ್ಮ ತಂದಿದ್ದ ಸೇವಂತಿಗೆ ಹೂವನ್ನು ನನ್ನ ಕೈಗೆ ಕೊಟ್ಟು, "ನೀನೇ ಹಾಕಿ ಬಾ ಮಗಾ" ಅಂದರು.

ಆ ಹೂವಿನ ಪೊಟ್ಟಣ ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ಹೀಗೇ ವಿಕಲಚೇತನರಿಗಾಗಿ ಓಡಾಡಿದ ನಮ್ಮ ಬಳಗದ ಅಣ್ಣ ತೀರಿಕೊಂಡಾಗ ಒಂದೇ ಒಂದು ಮಾತು ನಿಕ್ಕಿ ಮಾಡಿಕೊಂಡೆವು. ಯಾರಿಗಾಗಿ ಅವರು ಬದುಕಿದರೋ ಅವರೆಲ್ಲ ತಮ್ಮ ಕೈಯಿಂದಲೇ ಹೂ ಹಾಕಬೇಕು. ಉಳಿದದ್ದೆಲ್ಲ ಆಮೇಲೆ. ಆಗ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ. ನಿಮ್ಮೂರಿನಲ್ಲಿ ಇಂಥ ಸಭೆ ಮಾಡುವ ದಿನ ಬಂದರೆ ಉಪಯೋಗಕ್ಕೆ ಬರಲಿ.

ಮೊದಲು ಮನೆಯವರ ಹತ್ತಿರ ಕೂತು ಮಾತಾಡಿ

ಹನ್ನೊಂದನೇ ದಿನ, ಹದಿಮೂರನೇ ದಿನ, ಶಿವಗಣಾರಾಧನೆ, ನಲವತ್ತನೇ ದಿನ, ಇವೆಲ್ಲ ಮನೆಯವರದು. ಅದರ ಜೊತೆ ಸಾರ್ವಜನಿಕ ಸಭೆಯನ್ನು ಸೇರಿಸಬೇಡಿ. ಮನೆಯವರಿಗೆ ಅಳಲೂ ಬಿಡುವಿರುವುದಿಲ್ಲ, ಬಂದವರಿಗೂ ಸಂಕೋಚ. ಕಾರ್ಯ ಮುಗಿದ ಮೇಲೆ ಎರಡು ಮೂರು ವಾರ ಬಿಟ್ಟು ಸಭೆ ಇಟ್ಟರೆ ತಯಾರಿಗೂ ಸಮಯ ಸಿಗುತ್ತದೆ.

ಮನೆಯವರನ್ನು ಮೂರು ವಿಷಯ ಕೇಳಿ. ಯಾವ ಫೋಟೊ ಇಡಬೇಕು? ಕಾಯಿಲೆ, ಆಸ್ಪತ್ರೆಯ ವಿಚಾರ ಸಭೆಯಲ್ಲಿ ಹೇಳಬಹುದೇ, ಬೇಡವೇ? ಅವರು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಿದ್ದರು? ಈ ಮೂರನೆಯದು ಸಣ್ಣ ವಿಷಯ ಅಲ್ಲ. ನಮ್ಮ ಸರ್ಕಾರದ ಇಲಾಖೆ 'ವಿಕಲಚೇತನ' ಅನ್ನುತ್ತದೆ, ಕೇಂದ್ರ 'ದಿವ್ಯಾಂಗ' ಅನ್ನುತ್ತದೆ. ನಮ್ಮ ಅಣ್ಣನಿಗೆ ದಿವ್ಯಾಂಗ ಅಂದರೆ ಸಿಟ್ಟು ಬರುತ್ತಿತ್ತು. "ನನ್ನ ಕಾಲಲ್ಲಿ ದಿವ್ಯ ಏನೂ ಇಲ್ಲ, ಪೋಲಿಯೊ ಇದೆ, ನನಗೆ ಬೇಕಾದ್ದು ರ‍್ಯಾಂಪ್" ಅನ್ನುತ್ತಿದ್ದರು. ಬದುಕಿದ್ದಾಗ ಒಪ್ಪದ ಹೆಸರನ್ನು ಸತ್ತ ಮೇಲೆ ಬ್ಯಾನರಿನಲ್ಲಿ ಹಾಕಬಾರದು, ಅಲ್ವಾ?

ಫೋಟೊ ಬಗ್ಗೆ ಇನ್ನೊಂದು ಮಾತು. ಸ್ಟುಡಿಯೊದವರಿಗೆ ಕೊಟ್ಟರೆ ಎದೆಯ ಮಟ್ಟಕ್ಕೆ ಕತ್ತರಿಸಿ, ಹಿಂದೆ ನೀಲಿ ಬಣ್ಣ ಹಾಕಿ ಕೊಡುತ್ತಾರೆ. ವೀಲ್‌ಚೇರ್, ಊರುಗೋಲು, ಬಿಳಿ ಕೋಲು ಎಲ್ಲ ಮಾಯ. ಹಾಗೆ ಮಾಡಬೇಡಿ ಎಂದು ಮೊದಲೇ ಹೇಳಿ. ನಾವು ಇಟ್ಟದ್ದು ಅಣ್ಣ ತಮ್ಮ ಸೈಡ್ ವೀಲ್ ಸ್ಕೂಟರಿನ ಮೇಲೆ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಯಾರದೋ ಅರ್ಜಿ ತುಂಬುತ್ತಿದ್ದ ಫೋಟೊ. ಬಂದವರೆಲ್ಲ ಅದರ ಮುಂದೆ ನಿಂತು, "ಇದೇ ನಮ್ಮಣ್ಣ" ಅಂದರು.

ದಿನ ಮತ್ತು ಹೊತ್ತು

ಭಾನುವಾರ ಒಳ್ಳೆಯದು. ಹೊತ್ತು ಮಾತ್ರ ಬಸ್ಸಿಗೆ ಹೊಂದಬೇಕು. ಹಳ್ಳಿಯಿಂದ ಬರುವ ಕಣ್ಣು ಕಾಣದವರು, ಊರುಗೋಲಿನವರು ಕತ್ತಲಾಗುವ ಮುಂಚೆ ಮನೆ ಸೇರಬೇಕು. ಬೆಳಗ್ಗೆ 11ಕ್ಕೆ ಶುರು ಮಾಡಿ, ಒಂದೂವರೆಗೆ ಊಟಕ್ಕೆ ಕೂರಿಸಿ, ಮೂರರ ಬಸ್ಸಿಗೆ ಬಿಡಿ. ಸಂಜೆ ಸಭೆ ಬೇಡವೇ ಬೇಡ.

ಇನ್ನೊಂದು ಗಮನಿಸಿ. ವಿಕಲಚೇತನರ ರಿಯಾಯಿತಿ ಬಸ್ ಪಾಸ್ ನಡೆಯುವುದು ವಾಸಸ್ಥಳದಿಂದ 100 ಕಿಲೋಮೀಟರ್ ಒಳಗೆ ಮಾತ್ರ. ಅದಕ್ಕಿಂತ ದೂರದಿಂದ ಬರುವವರಿಗೆ, ಅವರ ಜೊತೆ ಬರುವವರಿಗೆ ಟಿಕೆಟ್ ಖರ್ಚು ಬೀಳಬಹುದು. ಹಾರ, ಫ್ಲೆಕ್ಸಿಗೆ ಹಾಕುವ ದುಡ್ಡಲ್ಲಿ ಸ್ವಲ್ಪ ಇದಕ್ಕೆ ಎತ್ತಿಡಿ.

ಜಾಗ: ಟೇಪ್ ಹಿಡಿದು ನೀವೇ ಹೋಗಿ

ಇಲ್ಲಿ ಅವಸರ ಬೇಡ. ಸಭೆ ನಿಲ್ಲುವುದೂ ಬೀಳುವುದೂ ಇಲ್ಲೇ. ಮಂಟಪದ ಮ್ಯಾನೇಜರಿಗೆ ಫೋನ್ ಮಾಡಿ "ವೀಲ್‌ಚೇರ್ ಬರುತ್ತಾ?" ಅಂತ ಕೇಳಿದರೆ, "ಬರುತ್ತೆ ಸಾರ್, ನಾಲ್ಕು ಜನ ಹುಡುಗರಿದ್ದಾರೆ, ಎತ್ತಿ ಬಿಡ್ತಾರೆ" ಅನ್ನುತ್ತಾರೆ. ಅವರದು ಕೆಟ್ಟ ಮನಸ್ಸಲ್ಲ. ಆದರೆ ದೊಡ್ಡವರೊಬ್ಬರನ್ನು ಮೂಟೆಯ ಹಾಗೆ ಎತ್ತಿಕೊಂಡು ಹೋಗುವಾಗ ಅವರಿಗೆ ಏನನ್ನಿಸುತ್ತದೆ ಎಂದು ಎತ್ತುವವರಿಗೆ ಗೊತ್ತಾಗುವುದಿಲ್ಲ. ಎತ್ತುವ ಮಾತು ಬಂದ ಕಡೆ ಆ ಜಾಗ ಬಿಡಿ.

ವೀಲ್‌ಚೇರ್ ಬಳಸುವ ಒಬ್ಬರನ್ನು, ಕಣ್ಣು ಕಾಣದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ನೋಡಿ. ಜೇಬಲ್ಲಿ ಅಳತೆ ಟೇಪ್ ಇರಲಿ. ಬಾಗಿಲು ಮೂರು ಅಡಿ ಅಗಲ ಇದೆಯಾ? ವೀಲ್‌ಚೇರ್ ತಿರುಗಿಸಲು ಐದು ಅಡಿ ಜಾಗ ಇದೆಯಾ? ಮೆಟ್ಟಿಲು ಎಷ್ಟು ಎತ್ತರ?

ರ‍್ಯಾಂಪಿನ ಲೆಕ್ಕ ಸುಲಭ. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ. ಆರು ಇಂಚಿನ ಒಂದು ಮೆಟ್ಟಿಲಿದ್ದರೆ ಆರು ಅಡಿ ರ‍್ಯಾಂಪ್ ಸಾಕು. ಅಂಗಡಿಯಲ್ಲಿ ಸಿಗುವ ಎಂಟಡಿ ಉದ್ದದ ಪ್ಲೈವುಡ್ ಹಾಳೆಗೆ ಕೆಳಗೆ ರೀಪರ್ ಪಟ್ಟಿ ಹೊಡೆಸಿದರೆ ಎಂಟು ಇಂಚಿನವರೆಗೆ ಆಗುತ್ತದೆ, ಬಡಗಿಗೆ ಅರ್ಧ ದಿನದ ಕೆಲಸ. ದಪ್ಪ ಪ್ಲೈವುಡ್ ತರಿಸಿ, ಮೇಲೆ ಜಾರದ ಹಾಗೆ ಮ್ಯಾಟ್ ಅಂಟಿಸಿ. ಆದರೆ ನಾನು ಮೊದಲು ಹೇಳಿದ ಏಳು ಮೆಟ್ಟಿಲಿನ ಮಂಟಪ ಲೆಕ್ಕ ಹಾಕಿ. ಮೂರೂವರೆ ಅಡಿ ಎತ್ತರ, ಅಂದರೆ 42 ಅಡಿ ರ‍್ಯಾಂಪ್. ಒಂದು ದಿನಕ್ಕೆ ಆಗದ ಕೆಲಸ. ಅಂಥ ಕಡೆ ಹಲಗೆ ಹಾಕಿ ಕಡಿದಾದ ಇಳಿಜಾರು ಮಾಡಿದರೆ ಯಾರಾದರೂ ಹಿಂದಕ್ಕೆ ಉರುಳುತ್ತಾರೆ.

ಹಾಗಾದರೆ ಎಲ್ಲಿ ಮಾಡುವುದು? ಸರ್ಕಾರಿ ಶಾಲೆ ನೋಡಿ. ಮತಗಟ್ಟೆ ಆಗುವ ಶಾಲೆಗಳಲ್ಲಿ ಈಗ ಸಾಮಾನ್ಯವಾಗಿ ರ‍್ಯಾಂಪ್ ಇರುತ್ತದೆ. ಅದು ಸುಮ್ನೆ ಬಂದದ್ದಲ್ಲ. 2004ರ ಲೋಕಸಭಾ ಚುನಾವಣೆ ಹೊತ್ತಿಗೆ ವಿಕಲಚೇತನರ ಗುಂಪೊಂದು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು, ಮತಗಟ್ಟೆಗೆ ಮರದ ರ‍್ಯಾಂಪ್ ಆದರೂ ಹಾಕಿ ಎಂದು ಕೋರ್ಟ್ ಹೇಳಿತು. ಆ ಗುಂಪಿನ ಮುಂದಾಳು ದೆಹಲಿಯ ಜಾವೇದ್ ಅಬಿದಿ. ನಾವು ಅಣ್ಣನ ನುಡಿನಮನ ಮಾಡಿದ್ದು ಅಂಥದೇ ಒಂದು ಶಾಲೆಯಲ್ಲಿ. ಅಣ್ಣನನ್ನು ನೆನೆಯಲು ಬಂದವರು ಅಬಿದಿಯವರ ಹೋರಾಟದ ಮೇಲೆ ಗಾಲಿ ಉರುಳಿಸಿಕೊಂಡೇ ಒಳಗೆ ಬಂದರು.

ಶೌಚಾಲಯ ಮರೆಯಬೇಡಿ. ಎಷ್ಟೋ ಹೆಣ್ಣುಮಕ್ಕಳು ಇಂಥ ಸಭೆಗೆ ಬರುವ ದಿನ ಬೆಳಗಿನಿಂದ ನೀರೇ ಕುಡಿಯುವುದಿಲ್ಲ, ಅಲ್ಲಿ ಹೋಗಲು ಆಗುವುದಿಲ್ಲ ಎಂದು. ಬಾಗಿಲಿನ ಹೊಸ್ತಿಲು, ಒದ್ದೆ ನೆಲ, ಒಳಗೆ ಹಿಡಿದುಕೊಳ್ಳಲು ಏನಾದರೂ ಇದೆಯಾ, ಇಷ್ಟು ನೋಡಿ. ನೆಲಮಟ್ಟದ ಭಾರತೀಯ ಶೈಲಿಯ ಶೌಚಾಲಯ ಮಾತ್ರ ಇದ್ದರೆ ಮೆಡಿಕಲ್ ಸಲಕರಣೆ ಅಂಗಡಿಯಿಂದ ಕಮೋಡ್ ಚೇರ್ ಬಾಡಿಗೆಗೆ ತನ್ನಿ. ನೆಲ ಒರೆಸಲು ಒಬ್ಬರು ಅಲ್ಲೇ ಇರಲಿ.

ಶಾಮಿಯಾನದವರು ನೆಲಕ್ಕೆ ಹಾಸುವ ತೆಳು ಕಾರ್ಪೆಟ್ ಬೇಡ. ಅದು ಸುಕ್ಕಾಗಿ ಊರುಗೋಲಿಗೆ ಸಿಕ್ಕಿಕೊಳ್ಳುತ್ತದೆ. ಮೈಕಿನ ವೈರ್ ದಾರಿಗೆ ಅಡ್ಡ ಬರದಿರಲಿ. ಕುರ್ಚಿಗಳ ಸಾಲಿನಲ್ಲಿ ಅಲ್ಲಲ್ಲಿ ಖಾಲಿ ಬಿಡಿ, ವೀಲ್‌ಚೇರಿನವರನ್ನೆಲ್ಲ ಒಂದು ಮೂಲೆಗೆ ಸೇರಿಸದೆ ಅವರ ಮನೆಯವರ ಪಕ್ಕದಲ್ಲೇ ಕೂರಲು ಬಿಡಿ.

ವೇದಿಕೆ ಬೇಡ. ನೆಲದ ಮೇಲೆಯೇ ಸಭೆ ನಡೆಸಿ.

ಕರೆಯುವುದು

ವಾಟ್ಸಾಪಿನಲ್ಲಿ ಬಣ್ಣದ ಪೋಸ್ಟರ್ ಕಳಿಸಿದರೆ ಕಣ್ಣು ಕಾಣದವರಿಗೆ ಓದಿ ಹೇಳುವ ಫೋನು ಅದನ್ನು ಸಾಮಾನ್ಯವಾಗಿ "ಚಿತ್ರ" ಎಂದಷ್ಟೇ ಓದುತ್ತದೆ. ಯಾರ ಸಭೆ, ಯಾವಾಗ, ಎಲ್ಲಿ, ಒಂದೂ ಗೊತ್ತಾಗುವುದಿಲ್ಲ. ಪೋಸ್ಟರ್ ಕಳಿಸಿ, ಅದರ ಕೆಳಗೆ ಅದೇ ಮಾತುಗಳನ್ನು ಟೈಪ್ ಮಾಡಿಯೂ ಕಳಿಸಿ. ಯೂನಿಕೋಡ್ ಕನ್ನಡದಲ್ಲೇ ಟೈಪ್ ಮಾಡಿ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಮಾಡಿದ ಕಡತವನ್ನು ಓದುವ ತಂತ್ರಾಂಶ ಅರ್ಥವಿಲ್ಲದ ಅಕ್ಷರಗಳಾಗಿ ಒದರುತ್ತದೆ. ಓದು ಬಾರದವರಿಗೆ ಒಂದು ನಿಮಿಷದ ಧ್ವನಿ ಸಂದೇಶ, ಕಿವುಡರಿಗೆ ಸನ್ನೆ ಭಾಷೆಯ ಚಿಕ್ಕ ವಿಡಿಯೊ.

ಕರೆಯೋಲೆಯಲ್ಲಿ ಇದನ್ನೆಲ್ಲ ಬರೆಯಿರಿ: ಯಾವ ಗೇಟಿನಲ್ಲಿ ರ‍್ಯಾಂಪ್ ಇದೆ, ಬಸ್ ನಿಲ್ದಾಣದಿಂದ ಎಷ್ಟು ದೂರ, ಆಟೊ ವ್ಯವಸ್ಥೆ ಇದೆಯಾ, ಸನ್ನೆ ಭಾಷೆಯವರು ಬರುತ್ತಾರಾ, ಶೌಚಾಲಯ ಹೇಗಿದೆ. ಇಲ್ಲದ್ದನ್ನು ಇಲ್ಲ ಎಂದೇ ಬರೆಯಿರಿ. ಬಂದು ನಿರಾಸೆ ಆಗುವುದಕ್ಕಿಂತ ಅದು ಮೇಲು. ಕೊನೆಗೆ ಒಂದು ಫೋನ್ ನಂಬರ್, "ನಿಮಗೆ ಬೇರೆ ಏನಾದರೂ ಅನುಕೂಲ ಬೇಕಿದ್ದರೆ ಹೇಳಿ" ಎಂಬ ಸಾಲು.

ಸುದ್ದಿ ಹಳ್ಳಿಗೆ ಮುಟ್ಟಿಸಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗಿಂತ ಒಳ್ಳೆಯ ದಾರಿ ಇಲ್ಲ. ತಾಲ್ಲೂಕಿನ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಅವರಿಗೆ ಒಂದು ಮಾತು ಹೇಳಿದರೆ ಅವರ ವಾಟ್ಸಾಪ್ ಗುಂಪಿನಿಂದ ಪಂಚಾಯಿತಿಗಳ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ)ಗಳಿಗೆಲ್ಲ ಹೋಗುತ್ತದೆ. ಯಾವ ಮನೆಯಲ್ಲಿ ಯಾರಿದ್ದಾರೆ ಎಂದು ಅವರಿಗೆ ಗೊತ್ತು.

ಬರಲಾಗದವರಿಗೆ ಫೋನಿನಲ್ಲಿ ನೇರ ಪ್ರಸಾರ ಮಾಡಿ. ವಿಕಲಚೇತನರ ಹಕ್ಕುಗಳಿಗಾಗಿ ಹೋರಾಡಿದ ಅಮೆರಿಕದ ಜೂಡಿ ಹ್ಯೂಮನ್ 2023ರ ಮಾರ್ಚ್ 4ರಂದು ತೀರಿಕೊಂಡಾಗ ವಾಷಿಂಗ್ಟನ್ನಿನಲ್ಲಿ ನಡೆದ ಸಭೆಯನ್ನು ಜನ ಮನೆಯಲ್ಲೇ ಮಲಗಿ, ಕೂತು ನೋಡಿದರು. ನಮಗೆ ದೊಡ್ಡ ಕ್ಯಾಮೆರಾ ಬೇಕಿಲ್ಲ. ಒಂದು ಸ್ಟ್ಯಾಂಡ್, ಒಂದು ಫೋನು, ಸನ್ನೆ ಮಾಡುವವರು ಚೌಕಟ್ಟಿನೊಳಗೆ ಕಾಣುವ ಹಾಗೆ ಇದ್ದರೆ ಆಯಿತು.

ಸನ್ನೆ ಭಾಷೆ, ಬರಹ

ಸನ್ನೆ ಭಾಷೆಯ ಅನುವಾದಕರಿಗೆ ಎರಡು ವಾರ ಮುಂಚೆ ಹೇಳಿ. ಇಬ್ಬರು ಬೇಕು. ಒಬ್ಬರೇ ಆದರೆ ಕೈಯೂ ಸೋಲುತ್ತದೆ, ತಲೆಯೂ ಸೋಲುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಹತ್ತಿರದ ಕಿವುಡರ ಸಂಘವನ್ನೋ ಕಿವುಡ ಮಕ್ಕಳ ಶಾಲೆಯನ್ನೋ ಕೇಳಿದರೆ ದಾರಿ ಸಿಗುತ್ತದೆ. ಅವರಿಗೆ ಸಂಭಾವನೆ ಕೊಡಿ, ಪ್ರಯಾಣದ ಖರ್ಚು ಕೊಡಿ. "ಸೇವೆ ಅಂತ ಮಾಡಿ" ಅನ್ನಬೇಡಿ. ಭಾಷಣಕಾರರ ಪಟ್ಟಿ, ಹಾಡಿನ ಸಾಹಿತ್ಯ, ಊರು ಮತ್ತು ಯೋಜನೆಗಳ ಹೆಸರು ಮೊದಲೇ ಕಳಿಸಿ. ಕಿಟಕಿಗೆ ಬೆನ್ನು ಹಾಕಿ ನಿಲ್ಲಿಸಬೇಡಿ, ಹಿಂದಿನ ಬೆಳಕಿಗೆ ಕೈ ಕಾಣುವುದಿಲ್ಲ.

ಕಿವುಡರು ತಮಗೆ ಹತ್ತಿರದವರಿಗೆ ಒಂದು ಸನ್ನೆಯ ಹೆಸರು ಇಟ್ಟಿರುತ್ತಾರೆ. ಅದನ್ನು ಕೇಳಿ ತಿಳಿದುಕೊಂಡು ಸಭೆಯ ಶುರುವಿನಲ್ಲೇ ಎಲ್ಲರಿಗೂ ತೋರಿಸಿ. ನಮ್ಮ ಅಣ್ಣನ ಹೆಸರು, ಎದೆಯ ಜೇಬಿನ ಮೇಲೆ ಎರಡು ಬೆರಳು. ಅವರ ಜೇಬಲ್ಲಿ ಯಾವಾಗಲೂ ಎರಡು ಪೆನ್ನು ಇರುತ್ತಿದ್ದವು. ಒಂದು ತಮಗೆ, ಇನ್ನೊಂದು ಅರ್ಜಿ ತುಂಬಲು ಬಂದವರಿಗೆ. ಆ ದಿನ ಇನ್ನೂರು ಜನ ಒಟ್ಟಿಗೆ ಎದೆಯ ಮೇಲೆ ಎರಡು ಬೆರಳು ಇಟ್ಟಾಗ ಮಾತಾಡಲು ನಿಂತಿದ್ದ ನನಗೆ ಗಂಟಲು ಕಟ್ಟಿತು.

ವಯಸ್ಸಾದ ಮೇಲೆ ಕಿವಿ ಹೋದವರಿಗೆ ಸನ್ನೆ ಬರುವುದಿಲ್ಲ. ಅವರಿಗಾಗಿ ಒಬ್ಬರು ಲ್ಯಾಪ್‌ಟಾಪಿನಲ್ಲಿ ಮಾತುಗಳನ್ನು ಚುಟುಕಾಗಿ ಟೈಪ್ ಮಾಡುತ್ತಾ ಗೋಡೆಯ ಮೇಲೆ ತೋರಿಸಲಿ. ಮಾತನ್ನು ತಾನೇ ಬರಹ ಮಾಡುವ ಫೋನ್ ಆಪ್‌ಗಳು ಕನ್ನಡಕ್ಕೂ ಇವೆ. ಆದರೆ ಫ್ಯಾನಿನ ಸದ್ದಿನಲ್ಲಿ ಏನೇನೋ ಬರೆದುಬಿಡುತ್ತವೆ. ಹಿಂದಿನ ದಿನ ಅದೇ ಹಾಲಿನಲ್ಲಿ ಪರೀಕ್ಷೆ ಮಾಡಿ ನೋಡಿ.

ಏನು ಮಾತಾಡಬೇಕು, ಏನು ಬೇಡ

ಮೆಟ್ಟಿಲಿಗಿಂತ ದೊಡ್ಡ ಅಡ್ಡಿ ಕೆಲವು ಮಾತುಗಳು. ಅತಿಥಿಯೊಬ್ಬರು ಪ್ರೀತಿಯಿಂದಲೇ ಎದ್ದು ನಿಂತು, "ಪಾಪ, ದೇವರು ಅವರಿಗೆ ಕಾಲು ಕೊಡಲಿಲ್ಲ, ಮುಂದಿನ ಜನ್ಮದಲ್ಲಾದರೂ ಕೊಡಲಿ" ಅಂದುಬಿಡುತ್ತಾರೆ. ಎದುರಿಗೆ ಕೂತ ನೂರು ಜನರಿಗೆ ತಮ್ಮ ಈ ಜನ್ಮ ದಂಡ ಎಂದು ಹೇಳಿದ ಹಾಗೆ. ಪೂರ್ವಜನ್ಮದ ಕರ್ಮ, ಅಂಗವೈಕಲ್ಯ ಮೆಟ್ಟಿ ನಿಂತ ಛಲಗಾರ, ನಮಗೆಲ್ಲ ಇದ್ದೂ ಏನು ಮಾಡಿದ್ದೇವೆ, ಈಗ ಸ್ವರ್ಗದಲ್ಲಿ ಓಡಾಡಿಕೊಂಡಿದ್ದಾರೆ, ಇವು ಯಾವುವೂ ಬೇಡ. ಅವರು ಮೆಟ್ಟಿ ನಿಂತದ್ದು ತಮ್ಮ ದೇಹವನ್ನಲ್ಲ. ಕಚೇರಿಯ ಮೆಟ್ಟಿಲನ್ನು, ಮುಚ್ಚಿದ ಕಿಟಕಿಯನ್ನು, "ನಾಳೆ ಬಾ" ಅನ್ನುವ ಅಧಿಕಾರಿಯನ್ನು.

ಇದನ್ನು ಅತಿಥಿಗಳಿಗೆ ಹಿಂದಿನ ದಿನವೇ ಫೋನಿನಲ್ಲಿ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ ನಮ್ಮಲ್ಲಿ. "ಅವರ ಒಂದು ಕೆಲಸದ ಬಗ್ಗೆ ಹೇಳಿ, ಅದು ಹೇಗೆ ಆಯಿತು ಅಂತ ಹೇಳಿ" ಎಂದು ಕೇಳಿಕೊಂಡೆವು. ಒಂದು ಕೆಲಸ ಅಂದಾಗ ಮಾತು ತಾನಾಗಿ ಗಟ್ಟಿಯಾಗುತ್ತದೆ.

ಜಾವೇದ್ ಅಬಿದಿಯವರನ್ನೇ ತೆಗೆದುಕೊಳ್ಳಿ. ಅವರು ತೀರಿಕೊಂಡದ್ದು 2018ರ ಮಾರ್ಚ್ 4ರಂದು, ಹ್ಯೂಮನ್ ಅವರಿಗಿಂತ ಸರಿಯಾಗಿ ಐದು ವರ್ಷ ಮುಂಚೆ. "ವೀಲ್‌ಚೇರಿನಲ್ಲಿದ್ದೂ ಮಹಾನ್ ಸಾಧನೆ ಮಾಡಿದರು" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. 1995ರ ಡಿಸೆಂಬರಿನಲ್ಲಿ ದೆಹಲಿಯ ಚಳಿಯಲ್ಲಿ ಊರುಗೋಲಿನವರು, ಬಿಳಿ ಕೋಲಿನವರು ಬೀದಿಗೆ ಇಳಿದರು, ಕೆಲವೇ ದಿನದಲ್ಲಿ ಅಂಗವಿಕಲರ ಹಕ್ಕಿನ ಬಗ್ಗೆ ದೇಶದ ಮೊದಲ ಸಮಗ್ರ ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು, ಆ ಗುಂಪಿನಲ್ಲಿ ಇವರಿದ್ದರು ಅನ್ನಿ. ವಿಮಾನ ಹತ್ತಿಸುವ ಲಿಫ್ಟಿಗಾಗಿ ಸುಪ್ರೀಂ ಕೋರ್ಟಿಗೆ ಹೋಗಿ 1998ರಲ್ಲಿ ಆದೇಶ ತಂದರು ಅನ್ನಿ. 2001ರ ಜನಗಣತಿಯಲ್ಲಿ ನಮ್ಮನ್ನು ಎಣಿಸಿ ಎಂದು ಹಟ ಹಿಡಿದು ಎಣಿಸುವ ಹಾಗೆ ಮಾಡಿದರು ಅನ್ನಿ. ಆಗ ಕೇಳುವವರಿಗೆ ಮನುಷ್ಯ ಕಾಣುತ್ತಾನೆ. ನಿಮ್ಮೂರಿನವರು ಸುಪ್ರೀಂ ಕೋರ್ಟಿಗೆ ಹೋಗಿರಬೇಕಿಲ್ಲ. ಒಂದು ಪಂಚಾಯಿತಿಯಲ್ಲಿ ವಿಕಲಚೇತನರಿಗೆ ಎತ್ತಿಟ್ಟ ಅನುದಾನ ಎಲ್ಲಿ ಹೋಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ ಲೆಕ್ಕ ಹೊರಗೆ ತೆಗೆದಿದ್ದರೆ, ಅದನ್ನೇ ತಾರೀಖಿನ ಸಮೇತ ಹೇಳಿ.

ಮಾತಾಡುವವರಲ್ಲಿ ಅರ್ಧಕ್ಕಿಂತ ಜಾಸ್ತಿ ವಿಕಲಚೇತನರೇ ಇರಲಿ. ಶಾಸಕರು ಬಂದರೆ ಸಂತೋಷ, ಅವರಿಗಾಗಿ ಸಭೆ ಕಾಯುವುದು ಬೇಡ. ಮಾತು ತಡವರಿಸುವವರಿಗೆ, ಸೆರೆಬ್ರಲ್ ಪಾಲ್ಸಿ ಇರುವವರಿಗೆ ಮೂರು ನಿಮಿಷದ ಬದಲು ಹತ್ತು ನಿಮಿಷ ಕೊಡಿ. ಅವರ ವಾಕ್ಯವನ್ನು ನೀವು ಮುಗಿಸಬೇಡಿ. ಅರ್ಥವಾಗದಿದ್ದರೆ "ಇನ್ನೊಮ್ಮೆ ಹೇಳಿ" ಅನ್ನಿ. ಅದರಲ್ಲಿ ಅವಮಾನ ಇಲ್ಲ, ತಲೆಯಾಡಿಸಿ ಅರ್ಥವಾದ ಹಾಗೆ ನಟಿಸುವುದರಲ್ಲಿ ಇದೆ.

ಹಾಗೆಯೇ ಆ ದಿನ ವೀಲ್‌ಚೇರ್ ವಿತರಣೆ, ಬಟ್ಟೆ ಹಂಚುವುದು, ಜೊತೆಗೆ ಫೋಟೊ, ಇವೆಲ್ಲ ಬೇಡ. ಹಕ್ಕು ಎಂದು ಬದುಕಿಡೀ ಹೇಳಿದವರ ಫೋಟೊ ಮುಂದೆ ದಾನದ ಕಾರ್ಯಕ್ರಮ ಆಗಬಾರದು. ಅದರ ಬದಲು ಬಾಗಿಲ ಹತ್ತಿರ ಒಂದು ಮೇಜು, ಲ್ಯಾಪ್‌ಟಾಪ್, ಇಬ್ಬರು ಹುಡುಗರನ್ನು ಕೂರಿಸಿ. ಯುಡಿಐಡಿ ಕಾರ್ಡಿನ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಅರ್ಜಿ, ಪಿಂಚಣಿ ನಿಂತುಹೋದವರ ವಿವರ ಬರೆದುಕೊಳ್ಳಲಿ. ನಮ್ಮಲ್ಲಿ ಊಟಕ್ಕೆ ಹೋಗದೆ ಆ ಮೇಜಿನ ಮುಂದೆ ಸಾಲು ನಿಂತಿತ್ತು.

ಸಭೆಯ ದಿನ

ಫೋಟೊವನ್ನು ಕಡಿಮೆ ಎತ್ತರದ ಮೇಜಿನ ಮೇಲೆ ಇಡಿ, ಕೂತವರ ಕೈಗೆ ಎಟುಕಬೇಕು. ದೀಪವೂ ಹಾಗೇ. ಹೂವಿನ ಬುಟ್ಟಿ ಮಡಿಲ ಮಟ್ಟಕ್ಕಿರಲಿ. ಶುರುವಿನಲ್ಲಿ ನಿರೂಪಕರು ಹಾಲ್ ಹೇಗಿದೆ ಎಂದು ಬಾಯಲ್ಲಿ ಹೇಳಲಿ: ಬಾಗಿಲು ಎಲ್ಲಿ, ಫೋಟೊ ಎಲ್ಲಿ, ಫೋಟೊದಲ್ಲಿ ಅವರು ಯಾವ ಅಂಗಿ ಹಾಕಿದ್ದಾರೆ, ನಗುತ್ತಿದ್ದಾರಾ. ಮಾತಾಡುವವರೆಲ್ಲ ಮೊದಲು ತಮ್ಮ ಹೆಸರು ಹೇಳಲಿ.

ಕಣ್ಣು ಕಾಣದವರಿಗೆ ಫೋಟೊ ಏನೂ ಅಲ್ಲ. ಅಗಲಿದವರು ಬಳಸಿದ ವಸ್ತುಗಳನ್ನು ಒಂದು ಮೇಜಿನ ಮೇಲಿಟ್ಟು ಮುಟ್ಟಲು ಬಿಡಿ. ಅಣ್ಣ ಕಾಲಿಗೆ ಕಟ್ಟಿಕೊಳ್ಳುತ್ತಿದ್ದ ಆಸರೆಯ ಕ್ಯಾಲಿಪರ್, ಪೆನ್ನು, ಸ್ಕೂಟರಿನ ಕೀ ಗೊಂಚಲು ಇಟ್ಟಿದ್ದೆವು. ಒಬ್ಬ ಮೇಷ್ಟ್ರು ಕ್ಯಾಲಿಪರಿನ ಚರ್ಮದ ಪಟ್ಟಿಯನ್ನು ಬೆರಳಲ್ಲಿ ಸವರುತ್ತಾ, ಸವೆದ ಜಾಗ ಸಿಕ್ಕ ಕೂಡಲೇ ಕೈ ನಿಲ್ಲಿಸಿದರು. "ಬರುವ ಸದ್ದಲ್ಲೇ ಗೊತ್ತಾಗುತ್ತಿತ್ತು ಇವನು ಅಂತ" ಅಂದರು.

ಒಂದು ನಿಮಿಷದ ಮೌನ ಇಡುತ್ತೀರಲ್ಲ, "ಎದ್ದು ನಿಲ್ಲಿ" ಅನ್ನಬೇಡಿ. "ಆಗುವವರು ನಿಲ್ಲಿ, ಉಳಿದವರು ಕೂತಲ್ಲೇ" ಅನ್ನಿ. ಮೌನ ಶುರುವಾದದ್ದು, ಮುಗಿದದ್ದು ಕಿವುಡರಿಗೆ ಗೊತ್ತಾಗಲು ಲೈಟ್ ಆರಿಸಿ ಹಾಕಿ. ಕಣ್ಣು ಕಾಣದವರಿಗಾಗಿ ಒಮ್ಮೆ ಗಂಟೆ ಬಾರಿಸಿ. ಮೌನದಲ್ಲಿ ಯಾರಾದರೂ ಮಕ್ಕಳು ಕೂಗಿದರೆ ಅವರನ್ನು ಹೊರಗೆ ಎಳೆದುಕೊಂಡು ಹೋಗಬೇಡಿ. ಬುದ್ಧಿಮಾಂದ್ಯ ಇರುವವರಿಗೂ ಅಗಲಿದವರು ಬೇಕಾದವರೇ. "ಊರಿಗೆ ಹೋಗಿದ್ದಾರೆ" ಎಂದು ಸುಳ್ಳು ಹೇಳಿದರೆ ಅವರು ಬಾಗಿಲು ಕಾಯುತ್ತಾರೆ. "ತೀರಿಕೊಂಡರು, ಇನ್ನು ಬರುವುದಿಲ್ಲ, ನಮಗೂ ದುಃಖ ಆಗಿದೆ" ಎಂದು ನೇರ ಹೇಳಿ. ಗದ್ದಲ ತಡೆಯಲಾಗದವರಿಗೆ ಪಕ್ಕದ ಒಂದು ಕೋಣೆ ತೆರೆದಿಡಿ.

ಊಟ ಕೂರಿಸಿ ಬಡಿಸಿ. ಬಫೆ ಇಟ್ಟರೆ ಎರಡು ಕೈಯಲ್ಲೂ ಊರುಗೋಲು ಇರುವವರು ತಟ್ಟೆ ಹಿಡಿಯುವುದು ಹೇಗೆ? ಬಡಿಸುವವರು ಕಣ್ಣು ಕಾಣದವರ ಹತ್ತಿರ ನಿಂತು, "ಎಡಕ್ಕೆ ಪಲ್ಯ, ಪಕ್ಕದಲ್ಲಿ ಕೋಸಂಬರಿ, ನಡುವೆ ಅನ್ನ, ಸಾರು ಬಿಸಿ ಇದೆ" ಎಂದು ಹೇಳಿ ಹೋಗಲಿ. ಕೈ ನಡುಗುವವರಿಗೆ ಸ್ಟ್ರಾ ಇಡಿ.

ಸಭೆ ಮುಗಿದ ಮೇಲೆ

ಹೋರಾಟಗಾರರ ಮನೆಯಲ್ಲಿ ಕಾಗದದ ಕಟ್ಟು ಇರುತ್ತದೆ. ಮನವಿಪತ್ರ, ಮಾಹಿತಿ ಹಕ್ಕಿನ ಉತ್ತರ, ಕೋರ್ಟಿನ ನಕಲು, ಯಾರ‍್ಯಾರದೋ ಆಧಾರ್ ಜೆರಾಕ್ಸ್. ಮನೆ ಖಾಲಿ ಮಾಡುವಾಗ ಇದು ರದ್ದಿಗೆ ಹೋಗುತ್ತದೆ. ತಿಂಗಳೊಳಗೆ ಮನೆಯವರ ಒಪ್ಪಿಗೆ ಪಡೆದು ಕೂತು ವಿಂಗಡಿಸಿ. ಬೇರೆಯವರ ದಾಖಲೆಗಳನ್ನು ಅವರಿಗೇ ಮುಟ್ಟಿಸಿ. ನಡೆಯುತ್ತಿರುವ ಕೇಸಿನ ಮುಂದಿನ ತಾರೀಖು ಯಾವುದು, ಯಾರು ಹೋಗುತ್ತಾರೆ ಎಂದು ಬರೆದಿಡಿ. ಉಳಿದದ್ದನ್ನು ಸ್ಕ್ಯಾನ್ ಮಾಡಿಸಿ.

ಅವರು ಬಳಸಿದ ವೀಲ್‌ಚೇರ್, ಸ್ಕೂಟರ್ ಏನು ಮಾಡುವುದು ಎಂದು ಮನೆಯವರೇ ತೀರ್ಮಾನಿಸಲಿ. ವಿಕಲಚೇತನರ ಹಕ್ಕುಗಳಿಗಾಗಿ ಹೋರಾಡಿದ ಅಮೆರಿಕದ ಎಡ್ ರಾಬರ್ಟ್ಸ್ 1995ರಲ್ಲಿ ತೀರಿಕೊಂಡಾಗ ಅವರ ಗೆಳೆಯರು ಅವರ ವೀಲ್‌ಚೇರನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿಗೆ ಒಯ್ದು ಕೊಟ್ಟರು, ಅದು ಈಗಲೂ ಅಲ್ಲಿದೆ. ನಮ್ಮ ಅಣ್ಣನ ಸ್ಕೂಟರ್ ಕಾಲೇಜಿಗೆ ಹೋಗುವ ಒಬ್ಬ ಹುಡುಗಿಗೆ ಹೋಯಿತು. ಅತ್ತಿಗೆಯ ಆಸೆ ಅದೇ ಆಗಿತ್ತು.

ಅವರ ಫೋನ್ ನಂಬರನ್ನು ಮಾತ್ರ ತಕ್ಷಣ ನಿಲ್ಲಿಸಬೇಡಿ. ಹಳ್ಳಿ ಹಳ್ಳಿಯ ಗೋಡೆ ಮೇಲೆ, ಹಳೆಯ ಕ್ಯಾಲೆಂಡರಿನ ಹಿಂದೆ ಆ ನಂಬರ್ ಬರೆದುಕೊಂಡವರಿದ್ದಾರೆ. ಸುದ್ದಿ ತಿಳಿಯದೆ ಫೋನ್ ಮಾಡುತ್ತಾರೆ. ಮನೆಯವರು ಒಪ್ಪಿದರೆ ಆರು ತಿಂಗಳಾದರೂ ರೀಚಾರ್ಜ್ ಮಾಡಿಸಿ, ನಿಮ್ಮಲ್ಲಿ ಒಬ್ಬರು ಇಟ್ಟುಕೊಳ್ಳಿ. ಅಣ್ಣನ ಫೋನು ಈಗ ನಮ್ಮ ವಿಆರ್‌ಡಬ್ಲ್ಯು ಅಕ್ಕನ ಹತ್ತಿರ ಇದೆ. ಬೆಳಗ್ಗೆ ಒಂಬತ್ತಕ್ಕೆ ಶುರುವಾಗುತ್ತದೆ. "ಅಣ್ಣ ಇಲ್ಲ ಕಣಮ್ಮ" ಎಂದು ಮೊದಲು ಹೇಳುತ್ತಾರೆ. ಆ ಕಡೆಯವರು ಅತ್ತು ಮುಗಿಸುವವರೆಗೆ ಕಾಯುತ್ತಾರೆ. ಆಮೇಲೆ, "ಪಿಂಚಣಿ ಯಾವ ತಿಂಗಳಿಂದ ಬಂದಿಲ್ಲ, ಹೇಳಿ, ಬರೆದುಕೊಳ್ತೀನಿ" ಅನ್ನುತ್ತಾರೆ.